ಆಯಿಲ್ ಕೂಲರ್ ಲೈನ್ ಜಿನುಗ್ತಿದೆ: ಹೊಸದು ಬರೋವರೆಗೆ ಏನು ಮಾಡೋದು?

ಕೇಳಿದ್ದು (ಬನಶಂಕರಿ): ಹಳೇ ಡೀಸೆಲ್ ಎಸ್‌ಯುವಿ, ಮ್ಯಾನ್ಯುಯಲ್ ಗೇರ್. ಫಿಲ್ಟರ್ ಹೌಸಿಂಗ್‌ನಿಂದ ಮುಂದಿನ ಆಯಿಲ್ ಕೂಲರ್‌ಗೆ ಹೋಗುವ ಎರಡು ಲೈನ್‌ಗಳಲ್ಲಿ ಒಂದು ಜಿನುಗುತ್ತಿದೆ. ಸ್ಟೀಲ್ ಪೈಪು ರಬ್ಬರ್ ಹೋಸಿಗೆ ಸೇರುವ ಕ್ರಿಂಪ್ (ಒತ್ತಿ ಕೂರಿಸಿದ ಲೋಹದ ಕಾಲರ್) ಹತ್ತಿರ. ಎಂಜಿನ್ ಬಿಸಿಯಾದ ಮೇಲೆ ತೊಟ್ಟಿಕ್ಕುತ್ತೆ. ಪೈಪಿನ ಹೊರವ್ಯಾಸ 12.7 ಮಿ.ಮೀ. ಹೊಸ ಲೈನಿಗೆ ಒಂದು ವಾರ ಕಾಯಬೇಕಂತೆ. ಎಂ-ಸೀಲ್ (ಎಪಾಕ್ಸಿ ಅಂಟು) ಮೆತ್ತಿ ಮೇಲೆ ಸಿಲಿಕಾನ್ ಟೇಪ್ ಸುತ್ತಿದ್ರೆ ನಡೆಯುತ್ತಾ? ಇಲ್ಲ, ಕೂಲರೇ ಬೇಡ ಅಂತ ಎರಡೂ ಪೈಪು ಮುಚ್ಚಿಬಿಡಲಾ?

ಹತ್ತು-ಹನ್ನೊಂದು ಸ್ಪ್ಯಾನರ್: ಎರಡನೇ ಪ್ರಶ್ನೆಗೆ ಮೊದಲು ಉತ್ತರ ಸರ್, ಎಂಜಿನ್ ಕೈಕೊಡೋದು ಅಲ್ಲೇ. ಪೈಪು ಮುಚ್ಚಲೇಬೇಡಿ. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಪಂಪಿನಿಂದ ಬಂದ ಆಯಿಲ್ ಕೂಲರ್ ಸುತ್ತಿಕೊಂಡೇ ಬೇರಿಂಗಿಗೆ ಹೋಗೋದು. ಹೌಸಿಂಗ್‌ನಲ್ಲಿ ಬೈಪಾಸ್ ವಾಲ್ವ್ (ಕೂಲರ್ ದಾರಿ ಕಟ್ಟಿದ್ರೆ ಆಯಿಲನ್ನು ನೇರ ಬಿಡೋದು) ಇದ್ದರೆ ಬಚಾವ್. ಇಲ್ಲದಿದ್ದರೆ ಬೇರಿಂಗು, ಟರ್ಬೊ ಎರಡೂ ಒಣ. ಕೂಲರ್ ಬಿಡಲೇಬೇಕಾದ್ರೆ ಹೋಗೋ ಲೈನನ್ನೂ ಬರೋ ಲೈನನ್ನೂ ಒಂದೇ ಹೋಸಿನಲ್ಲಿ ಜೋಡಿಸಿ ಲೂಪ್ ಮಾಡಿ. ಆಯಿಲ್ ತಣ್ಣಗಾಗದಿದ್ದರೂ ಪರವಾಗಿಲ್ಲ, ಹರೀತಾ ಇರಬೇಕು. ಲೂಪ್ ಹಾಕಿದ ಗಾಡಿಯನ್ನು ವರ್ಕ್‌ಶಾಪ್‌ವರೆಗೆ ಮಾತ್ರ ಓಡಿಸಿ, 2,000 ಆರ್‌ಪಿಎಂ ಒಳಗೆ. ಆ ದಿನ ನಂದಿಬೆಟ್ಟ ಹತ್ತಿಸೋ ಆಸೆ ಬೇಡ.

ಗ್ರೀಸ್ ಕೈ: ಎಂ-ಸೀಲ್ ನೀರಿನ ಪೈಪಿಗೆ ಸರಿ, ಇಲ್ಲಿಗೆ ಆಗಲ್ಲ. ಬಿಸಿ ಎಂಜಿನ್ ಓಡುವಾಗ ಲೈನ್ ಒಳಗೆ 3ರಿಂದ 5 ಬಾರ್ ಒತ್ತಡ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೆ ಆಯಿಲ್ ಗಟ್ಟಿ ಇರೋದ್ರಿಂದ ಇನ್ನೂ ಹೆಚ್ಚು. ಬಿಸಿಯೂ 100 ಡಿಗ್ರಿ ಆಸುಪಾಸು. ಎಪಾಕ್ಸಿ ಕಚ್ಚಬೇಕಾದ್ರೆ ಜಾಗ ಎಣ್ಣೆ ಇಲ್ಲದೆ ಒಣಗಿರಬೇಕು, ಕ್ರಿಂಪ್‌ನಲ್ಲಾದ್ರೆ ಒಳಗಿಂದ ಜಿನುಗ್ತಾನೇ ಇರುತ್ತೆ. ಜೊತೆಗೆ ಕಾಲರಿನ ಒಂದು ಕಡೆ ಅಲುಗದ ಸ್ಟೀಲು, ಇನ್ನೊಂದು ಕಡೆ ಅಲುಗಾಡೋ ರಬ್ಬರು. ಗಟ್ಟಿಯಾದ ಎಪಾಕ್ಸಿ ಅಲ್ಲೇ ಬಿರುಕು ಬಿಡುತ್ತೆ. ಸಿಲಿಕಾನ್ ಟೇಪ್ ಬಿಸಿ ಆಯಿಲ್ ಕುಡಿದು ಉಬ್ಬುತ್ತೆ, ಮೆತ್ತಗಾಗುತ್ತೆ. ಇನ್ನು ಕ್ರಿಂಪ್ ಕಾಲರ್ ಮೇಲೇ ವರ್ಮ್ ಕ್ಲಿಪ್ (ಸ್ಕ್ರೂ ತಿರುಗಿಸಿದರೆ ಬಿಗಿಯಾಗೋ ಪಟ್ಟಿ) ಬಿಗಿಯೋದು ಕೈನೋವಿಗೆ ದಾರಿ. ಕಾಲರ್ ಲೋಹದ್ದು, ಕ್ಲಿಪ್ಪಿಗೆ ಬಗ್ಗಲ್ಲ.

ಕಾಪರ್ ವಾಷರ್: ಕ್ರಿಂಪೇ ಅಂತ ಖಾತ್ರಿ ಮಾಡಿಕೊಂಡ್ರಾ? ಆಯಿಲ್ ಮೇಲಿನ ಯೂನಿಯನ್‌ನಲ್ಲಿ (ಪೈಪನ್ನು ಹೌಸಿಂಗ್‌ಗೆ ಸೇರಿಸೋ ನಟ್ ಜಾಯಿಂಟ್) ಹೊರಟು ಪೈಪಿನ ಮೇಲೇ ಹರಿದು ಕೆಳಗೆ ತೊಟ್ಟಿಕ್ಕೋದು ಮಾಮೂಲು. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ, 5 ನಿಮಿಷ ಐಡಲ್ ಬಿಡಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗುತ್ತೋ ಅದೇ ಜಾಗ. ಯೂನಿಯನ್ ಆಗಿದ್ರೆ ಓ-ರಿಂಗ್ ಬದಲಾಯಿಸಿದ್ರೆ ಕೆಲಸ ಮುಗೀತು. ಬಿಸಿ ತಡೆಯೋ ವೈಟಾನ್ ರಬ್ಬರಿನದ್ದು ಕೇಳಿ, ಮಾಮೂಲಿ ನೈಟ್ರೈಲ್ ರಬ್ಬರ್ ಈ ಬಿಸಿಗೆ ಬೇಗ ಗಟ್ಟಿಯಾಗುತ್ತೆ. ಬ್ಯಾಂಜೊ ಬೋಲ್ಟ್ (ಆಯಿಲ್ ಒಳಗೇ ಹರಿಯೋ ತೂತಿನ ಬೋಲ್ಟ್) ಆಗಿದ್ದು ಹೊಸ ವಾಷರ್ ಸಿಗದಿದ್ರೆ ಹಳೇ ತಾಮ್ರದ ವಾಷರನ್ನೇ ಸ್ಟೌ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗಿ ಮತ್ತೆ ಕೂರುತ್ತೆ. ಈ ಜಾಯಿಂಟ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ಸೀಲ್ ಮಾಡೋದು ಥ್ರೆಡ್ ಅಲ್ಲ, ಟೇಪಿನ ಚೂರು ಮಾತ್ರ ಒಳಗೆ ಹೋಗಿ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತೆ.

ಅರ್ಧ ಇಂಚು: ಕ್ರಿಂಪೇ ಆಗಿದ್ರೆ, ಹಿಡಿಯೋ ತಾತ್ಕಾಲಿಕ ರಿಪೇರಿ ಅಂದ್ರೆ ಎರಡೂ ತುದಿಯ ಕ್ರಿಂಪ್ ಕತ್ತರಿಸಿ ಹಳೇ ಹೋಸ್ ತೆಗೆದು ಹೊಸ ತುಂಡು ಹಾಕೋದು. ಕ್ರಿಂಪ್ ಹಿಂದೆ ಕನಿಷ್ಠ 40 ಮಿ.ಮೀ. ನೇರ ಪೈಪು ಇರಬೇಕು.

ಹೋಸ್ ಆರಿಸೋದರಲ್ಲೇ ಮುಕ್ಕಾಲು ಜನ ಎಡವ್ತಾರೆ. ರೇಡಿಯೇಟರ್, ಹೀಟರ್ ಹೋಸ್ ಇ.ಪಿ.ಡಿ.ಎಂ. ರಬ್ಬರಿಂದು, ನೀರಿಗೆ ಗಟ್ಟಿ, ಎಣ್ಣೆಗೆ ಆಗಲ್ಲ. ಉಬ್ಬಿ, ಮೆತ್ತಗಾಗಿ ಕ್ಲಿಪ್ಪಿನಿಂದ ಜಾರುತ್ತೆ. ಆರ್7 ಅಂತ ಅಚ್ಚಾಗಿರೋ ಸಾಮಾನ್ಯ ಫ್ಯೂಯೆಲ್ ಹೋಸ್ ಎಣ್ಣೆಗೆ ಸರಿ, ಆದರೆ 50 ಪಿ.ಎಸ್.ಐ. ದಾಟಲ್ಲ, ಅಂದ್ರೆ ಸುಮಾರು 3.5 ಬಾರ್. ನಿಮ್ಮ ಲೈನಿಗೆ ಸಾಲದು. ಅಂಗಡಿಯಲ್ಲಿ ಅರ್ಧ ಇಂಚು ಒಳವ್ಯಾಸದ, ಒಳಗೆ ನೂಲಿನ ಹೆಣಿಗೆ ಇರೋ ಆರ್6 ಹೈಡ್ರಾಲಿಕ್ ಹೋಸ್ ಕೇಳಿ. 20 ಬಾರ್‌ಗಿಂತ ಹೆಚ್ಚು ತಡೆಯುತ್ತೆ, ಕ್ಲಿಪ್ಪಿಗೂ ಬಗ್ಗುತ್ತೆ. ಸ್ಟೀಲ್ ತಂತಿ ಹೆಣೆದ ಆರ್1 ಅದಕ್ಕಿಂತ ಗಟ್ಟಿಮುಟ್ಟು, ಆದರೆ ಅದು ಕ್ರಿಂಪಿಗೆ ಮಾಡಿದ್ದು, ಕ್ಲಿಪ್ಪಿಗೆ ಸರಿಯಾಗಿ ಕೂರಲ್ಲ. ಆರ್6ಕ್ಕೆ 100 ಡಿಗ್ರಿಯೇ ಮಿತಿ. ವಾರಕ್ಕೆ ಸರಿ, ವರ್ಷಕ್ಕಲ್ಲ.

ಕೆಲಸ ಎಂಜಿನ್ ತಣ್ಣಗಾದ ಮೇಲೆ. ಲೈನ್ ಬಿಚ್ಚಿ ಬೆಂಚಿನ ಮೇಲೆ ಇಟ್ಕೊಂಡು ಪೈಪ್ ಕಟರ್‌ನಲ್ಲಿ ಕತ್ತರಿಸಿ. ಗರಗಸ ಬೇಡ, ಅದರ ಲೋಹದ ಪುಡಿ ಬೇರಿಂಗ್ ತಿನ್ನುತ್ತೆ. ಗರಗಸವೇ ಗತಿ ಅಂದ್ರೆ ಡೀಸೆಲ್ ಸುರಿದು ತೊಳೆದು ಏರ್ ಹೊಡೆಸಿ. ಕತ್ತರಿಸಿದ ತುದಿಯ ಒಳಗಿನ ಮುಳ್ಳು ಕೆರೆದು ತೆಗೀರಿ.

ಆಮೇಲೆ ಉಬ್ಬು. ನಯವಾದ ಪೈಪಿನ ಮೇಲೆ ಹೋಸ್ ನಿಲ್ಲಲ್ಲ. 5 ಬಾರ್‌ನಲ್ಲಿ ಅರ್ಧ ಇಂಚು ಪೈಪಿನಿಂದ ಹೋಸನ್ನು ಹೊರಗೆ ತಳ್ಳೋ ಬಲ 6 ಕೆ.ಜಿ. ಮೇಲೆ, ಅದೂ ಅಲುಗಾಡ್ತಾ, ಬಿಸಿಯಲ್ಲಿ. ಫ್ಲೇರಿಂಗ್ ಸೆಟ್‌ನಲ್ಲಿ (ಪೈಪಿನ ತುದಿ ಅಗಲಿಸೋ ಟೂಲ್) ಡಬಲ್ ಫ್ಲೇರ್ ಮಾಡುವಾಗ ಮೊದಲ ಒತ್ತಿಗೆ ತುದಿ ಗುಂಡಗೆ ಉಬ್ಬುತ್ತಲ್ಲ, ಅಲ್ಲಿಗೇ ನಿಲ್ಲಿಸಿ. ಆ ಉಬ್ಬೇ ಹೋಸನ್ನು ತಡೆಯೋದು.

ಕ್ಲಿಪ್‌ಗಳನ್ನು ಮೊದಲೇ ಹೋಸಿಗೆ ತೂರಿಸಿಟ್ಟು, ಪೈಪಿಗೆ ಸ್ವಲ್ಪ ಆಯಿಲ್ ಸವರಿ ಹೋಸನ್ನು 30 ಮಿ.ಮೀ. ಒಳಗೆ ತಳ್ಳಿ. ಒಂದೊಂದು ತುದಿಗೆ ಎರಡೆರಡು ಕ್ಲಿಪ್, ಒಟ್ಟು ನಾಲ್ಕು, ಫ್ಯೂಯೆಲ್ ಇಂಜೆಕ್ಷನ್ ಮಾದರಿಯವು. ಪಟ್ಟಿಯಲ್ಲಿ ಸೀಳು ಇರೋ ವರ್ಮ್ ಕ್ಲಿಪ್ ರಬ್ಬರನ್ನು ಕೊರೆಯುತ್ತೆ. ಮೊದಲ ಕ್ಲಿಪ್ ಉಬ್ಬಿನ ಹಿಂದೆ, ಅದರ ಮೇಲಲ್ಲ. ಎರಡರ ಸ್ಕ್ರೂ ಎದುರುಬದುರು ಬರಲಿ. ರಬ್ಬರ್ ಪಟ್ಟಿಯ ಅಂಚಿನಲ್ಲಿ ಸ್ವಲ್ಪ ಉಬ್ಬಿದ್ರೆ ಸಾಕು. ಜೀವ ಹೋಗೋ ಹಾಗೆ ತಿರುಗಿಸಿದ್ರೆ ಒಳಪದರ ಕತ್ತರಿಸುತ್ತೆ.

ಹೋಸ್ ಬಿಗಿಯಾಗಿ ಎಳೆದುಕೊಂಡಿರಬಾರದು, ಎಂಜಿನ್ ಅಲುಗಿದಾಗ ಎಳೆತ ಬರುತ್ತೆ. ಎಕ್ಸಾಸ್ಟ್‌ನಿಂದ ಕನಿಷ್ಠ 3 ಇಂಚು ದೂರ. ಫ್ಯಾನ್ ಬೆಲ್ಟಿಗೂ ತಾಗಬಾರದು.

ಪೀಣ್ಯ ಕ್ರಿಂಪ್: ಮೇಲಿನದೆಲ್ಲ ಸರಿ, ಆದರೆ ಬೆಂಗಳೂರಲ್ಲಿ ಇದ್ದುಕೊಂಡು ಕ್ಲಿಪ್ ಯಾಕೆ ಸ್ವಾಮಿ? ಎರಡೂ ಲೈನ್ ಬಿಚ್ಚಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹೈಡ್ರಾಲಿಕ್ ಹೋಸ್ ಮಾಡೋರ ಹತ್ತಿರ ಆಟೋದಲ್ಲಿ ತಗೊಂಡು ಹೋಗಿ. ಹಳೇ ಕಾಲರ್ ಸೀಳಿ ತೆಗೆದು, ಪೈಪಿಗೆ ಹೋಸ್ ಟೇಲ್ (ಹೋಸ್ ತೂರಿಸೋ ಗೆರೆಗೆರೆ ತುದಿ) ಹಿತ್ತಾಳೆ ಬೆಸುಗೆಯಲ್ಲಿ ಬ್ರೇಜ್ ಮಾಡಿ, ಹೊಸ ಹೋಸ್ ಹಾಕಿ ಮಷೀನ್‌ನಲ್ಲೇ ಒತ್ತಿಕೊಡ್ತಾರೆ. ಬಿಚ್ಚೋ ಮುಂಚೆ ಪೈಪಿಗೂ ಹೋಸಿಗೂ ಉದ್ದಕ್ಕೆ ಮಾರ್ಕರ್ ಗೆರೆ ಎಳೆದಿಡಿ, ತುದಿಗಳ ಕೋನ ಹತ್ತು ಡಿಗ್ರಿ ತಪ್ಪಿದ್ರೂ ಹೋಸ್ ತಿರುಚಿಕೊಳ್ಳುತ್ತೆ. ಬ್ರೇಜ್ ಮಾಡೋ ಮುಂಚೆ ಒಳಗಿನ ಆಯಿಲ್ ಪೂರ್ತಿ ತೊಳೆಸಿ, ಇಲ್ಲದಿದ್ರೆ ಹೊಗೆ-ಬೆಂಕಿ ಎರಡೂ ಬರುತ್ತೆ. ಕ್ಲಿಪ್ಪು, ಓ-ರಿಂಗ್ ಮಾತ್ರ ಬೇಕಾದ್ರೆ ಜೆ.ಸಿ. ರಸ್ತೆ ಸಾಕು.

ಅಲ್ಯೂಮಿನಿಯಂ?: ನನ್ನ ಗಾಡಿಯ ಪೈಪು ಅಲ್ಯೂಮಿನಿಯಂ. ಇದೇ ವಿಧಾನ ನಡೆಯುತ್ತಾ?

ಅರ್ಧ ಇಂಚು: ನಡೆಯುತ್ತೆ, ಆದರೆ ಉಬ್ಬು ಮಾಡುವಾಗ ನಿಧಾನ, ಅಲ್ಯೂಮಿನಿಯಂ ಬೇಗ ಸೀಳುತ್ತೆ. ಕ್ಲಿಪ್ ಬಿಗಿ ಜಾಸ್ತಿಯಾದ್ರೆ ತೆಳು ಪೈಪೇ ಕುಗ್ಗುತ್ತೆ. ಸಣ್ಣ ತೂತಾಗಿದ್ರೆ ಬಿಚ್ಚಿ ತಗೊಂಡು ಹೋಗಿ ಟಿಗ್ ವೆಲ್ಡಿಂಗ್ ಮಾಡಿಸಿ.

ಗೇರ್ ಎಣ್ಣೆ: ಆಟೊಮ್ಯಾಟಿಕ್ ಗಾಡಿಯವರು ಇದನ್ನು ಓದಿದ್ರೆ: ನಿಮ್ಮಲ್ಲಿ ಕೆಂಪು ಎಣ್ಣೆ ಸೋರ್ತಿದ್ರೆ ಅದು ಗೇರ್‌ಬಾಕ್ಸ್ ಕೂಲರ್ ಲೈನ್ ಇರಬಹುದು. ಒತ್ತಡ ಕಡಿಮೆ, ಹಾಗಾಗಿ ಹೋಸ್-ಕ್ಲಿಪ್ ರಿಪೇರಿ ಅಲ್ಲಿ ಇನ್ನೂ ಸಲೀಸು. ಆದರೆ ಎಣ್ಣೆ ಒಂದು ಲೀಟರ್ ಇಳಿದರೂ ಕ್ಲಚ್ ಜಾರಿ ಸುಡುತ್ತೆ, ಆಯಿಲ್ ಲೈಟೂ ಹತ್ತಲ್ಲ. ಕಂಪನಿ ಹೇಳಿದ ಎಣ್ಣೆಯೇ ಹಾಕಿ. ಕೂಲೆಂಟ್ ಟ್ಯಾಂಕ್‌ನಲ್ಲಿ ಗುಲಾಬಿ ಬಣ್ಣದ ನೊರೆ ಕಂಡರೆ ರೇಡಿಯೇಟರ್ ಒಳಗಿನ ಕೂಲರೇ ತೂತಾಗಿದೆ. ಸ್ಟಾರ್ಟ್ ಮಾಡದೆ ಫ್ಲಾಟ್‌ಬೆಡ್ ಕರೆಸಿ.

ಹತ್ತು-ಹನ್ನೊಂದು ಸ್ಪ್ಯಾನರ್: ಕೇಳಿದವರಿಗೆ, ಜೋಡಿಸಿದ ಮೇಲೆ: ಡಿಪ್‌ಸ್ಟಿಕ್ ನೋಡಿ ಅದೇ ಗ್ರೇಡಿನ ಆಯಿಲ್ ಹಾಕಿ. ಸಾಮಾನ್ಯವಾಗಿ ಕೆಳಗಿನ ಗುರುತಿಂದ ಮೇಲಿನದಕ್ಕೆ ಸುಮಾರು 1 ಲೀಟರ್. ಸ್ಟಾರ್ಟ್ ಮಾಡಿ, ಆಯಿಲ್ ಲೈಟ್ ಆರೋವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. 2 ನಿಮಿಷ ಐಡಲ್, ಆಮೇಲೆ 2,500ಕ್ಕೆ ಅರ್ಧ ನಿಮಿಷ. ಜಾಯಿಂಟಿಗೆ ಟಿಶ್ಯೂ ಪೇಪರ್ ಒತ್ತಿ ನೋಡಿ, ಕಣ್ಣಿಗೆ ಕಾಣದ್ದು ಕಾಗದಕ್ಕೆ ಕಾಣುತ್ತೆ. ಆಫ್ ಮಾಡಿ ಲೆವೆಲ್ ಮತ್ತೆ ನೋಡಿ. 3 ಕಿ.ಮೀ. ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಕ್ಲಿಪ್ ಇನ್ನೊಮ್ಮೆ ಬಿಗಿಮಾಡಿ. ಮೊದಲ ಬಿಸಿಗೆ ರಬ್ಬರ್ ಕೂರುತ್ತೆ, ಕ್ಲಿಪ್ ಸಡಿಲವಾಗುತ್ತೆ. ವಾರಪೂರ್ತಿ ದಿನಾ ಬೆಳಗ್ಗೆ ಡಿಪ್‌ಸ್ಟಿಕ್, ಕೆಳಗೆ ಹಳೇ ಪೇಪರ್. ಓಡಿಸುವಾಗ ಆಯಿಲ್ ಲೈಟ್ ಹತ್ತಿದ್ರೆ ಸಿಗ್ನಲ್ ದಾಟೋಣ ಅಂತ ನೋಡಬೇಡಿ, ಅಲ್ಲೇ ಆಫ್. ಆ ಲೈಟ್ ಹತ್ತೋ ಹೊತ್ತಿಗೆ ಒತ್ತಡ ಅರ್ಧ ಬಾರ್ ಆಸುಪಾಸಿಗೆ ಬಂದಿರುತ್ತೆ. ರಸ್ತೆಗೆ ಆಯಿಲ್ ಚೆಲ್ಲಿದ್ರೆ ಮೇಲೆ ಮಣ್ಣು ಸುರೀರಿ, ಹಿಂದೆ ಬೈಕಿನವರು ಬರ್ತಿರ್ತಾರೆ.

ಗ್ರೀಸ್ ಕೈ: ಹೊಸ ಲೈನ್ ಬಂದಾಗ ಅದನ್ನು ಹಿಡಿಯೋ ಬ್ರಾಕೆಟ್ ಮತ್ತು ಅದರ ರಬ್ಬರ್ ಬುಷ್ ಇದೆಯಾ ನೋಡಿ. ಯಾರೋ ಬಂಪರ್ ಬಿಚ್ಚಿದಾಗ ಆ ಬೋಲ್ಟ್ ಹಾಕದೇ ಬಿಟ್ಟಿರ್ತಾರೆ. ಆಗ ಪೈಪಿನ ಭಾರವೆಲ್ಲ ಕ್ರಿಂಪ್ ಮೇಲೆ, ಪ್ರತಿ ರೋಡ್ ಹಂಪ್‌ಗೂ ಅದೇ ಬಾಗೋದು. ಎಂಜಿನ್ ಮೌಂಟ್ ಕುಸಿದಿದ್ರೂ ಇದೇ ಕಥೆ. ಅದು ಸರಿಮಾಡದೆ ಹೊಸ ಲೈನ್ ಹಾಕಿದ್ರೆ ಅದೂ ಅದೇ ಜಾಗದಲ್ಲೇ ಜಿನುಗುತ್ತೆ.