ಮಿಸ್ಟರ್ ಫ್ರೀಜ್‌ನ ಕಥೆಯನ್ನು 2012ರ ಕಾಮಿಕ್ಸ್ ಬದಲಿಸಿದ್ದು ಸರಿಯೇ?

ಪ್ರಶ್ನೆ

ಹಾರ್ಲಿ ಕ್ವಿನ್‌ಳನ್ನು ಬಿಟ್ಟರೆ, ಬ್ಯಾಟ್‌ಮ್ಯಾನ್‌ನ ಎದುರಾಳಿಗಳಲ್ಲಿ ಟೆಲಿವಿಷನ್ನಿನ ಋಣ ಮಿಸ್ಟರ್ ಫ್ರೀಜ್‌ನಷ್ಟು ಇರುವವರು ಇನ್ನೊಬ್ಬರಿಲ್ಲ ಎಂಬುದು ನನ್ನ ಅನಿಸಿಕೆ. 1959ರಲ್ಲಿ ‘ಬ್ಯಾಟ್‌ಮ್ಯಾನ್’ ಪತ್ರಿಕೆಯ 121ನೇ ಸಂಚಿಕೆಗೆ ಅವನು ಮಿಸ್ಟರ್ ಜೀರೋ ಎಂಬ ಹೆಸರಿನಲ್ಲಿ ಬಂದಾಗ, ಹಿಮ ಕಾರುವ ಬಂದೂಕು ಹಿಡಿದ ಒಬ್ಬ ಮಾಮೂಲಿ ಕಳ್ಳನಾಗಿದ್ದ. ಫ್ರೀಜ್ ಎಂಬ ಹೆಸರು ಬಂದದ್ದು 1960ರ ದಶಕದ ಟಿವಿ ಧಾರಾವಾಹಿಯಿಂದ. ಕಾಯಿಲೆಯ ಹೆಂಡತಿ ನೋರಾ ಮತ್ತು ಆಕೆಗಾಗಿ ಅವನು ಪಡುವ ಸಂಕಟ ಸೇರಿಕೊಂಡದ್ದು 1992ರ ಅನಿಮೇಷನ್ ಸರಣಿಯ ‘ಹಾರ್ಟ್ ಆಫ್ ಐಸ್’ ಕಂತಿನಿಂದ. ಕಾಮಿಕ್ಸ್ ಲೋಕವೂ ಈ ಹಿನ್ನೆಲೆಯನ್ನು ಒಪ್ಪಿಕೊಂಡಿತು. ಹೀಗಿರುವಾಗ 2012ರ ಬ್ಯಾಟ್‌ಮ್ಯಾನ್ ವಾರ್ಷಿಕ ಸಂಚಿಕೆಯಲ್ಲಿ ಸ್ಕಾಟ್ ಸ್ನೈಡರ್ ಮತ್ತು ಜೇಮ್ಸ್ ಟೈನಿಯನ್ ಅದನ್ನು ತಲೆಕೆಳಗು ಮಾಡಿದರು. ಅಲ್ಲಿ ನೋರಾ ಅವನ ಹೆಂಡತಿಯೇ ಅಲ್ಲ. ದಶಕಗಳ ಹಿಂದೆಯೇ ಹಿಮದಲ್ಲಿ ಇರಿಸಲಾದ, ಅವನನ್ನು ಕಣ್ಣೆತ್ತಿಯೂ ನೋಡಿರದ ಅಪರಿಚಿತೆ. ಅವನದು ಪ್ರೀತಿಯಲ್ಲ, ಭ್ರಮೆ. ಈ ಬದಲಾವಣೆಯಿಂದ ಪಾತ್ರ ಬೆಳೆಯಿತೇ, ಸೊರಗಿತೇ? ಎರಡನ್ನೂ ಬಲ್ಲವರು ದಯವಿಟ್ಟು ಬರೆಯಿರಿ.

ಮೊದಲ ಉತ್ತರ

ಸೊರಗಿತು ಎಂದೇ ನಾನು ಹೇಳುತ್ತೇನೆ. ಆದರೆ ಬಹಳಷ್ಟು ಅಭಿಮಾನಿಗಳು ಕೊಡುವ ಕಾರಣ ನನ್ನದಲ್ಲ. ಪ್ರೇಮಕಥೆಯೊಂದು ಹಾಳಾಯಿತು ಎಂದು ಅವರು ಮರುಗುತ್ತಾರೆ. ನನಗೆ ಕಾಣುವ ದೊಡ್ಡ ನಷ್ಟ ಫೆರಿಸ್ ಬಾಯ್ಲ್ ಎಂಬ ಪಾತ್ರ ಕಾಣೆಯಾದದ್ದು.

ಆ ಕಂತನ್ನು ಮತ್ತೊಮ್ಮೆ ನೋಡಿ. ಪಾಲ್ ಡಿನಿ ಬರೆದು ಬ್ರೂಸ್ ಟಿಮ್ ನಿರ್ದೇಶಿಸಿದ ಸುಮಾರು 22 ನಿಮಿಷಗಳ ಕಥೆಯ ತಿರುವು ಇರುವುದು ಒಂದು ವಿಡಿಯೋ ಟೇಪಿನಲ್ಲಿ. ಗೋಥ್‌ಕಾರ್ಪ್ ಕಂಪನಿಯ ಮುಖ್ಯಸ್ಥ ಬಾಯ್ಲ್ ಕಾವಲುಗಾರರೊಡನೆ ಪ್ರಯೋಗಾಲಯಕ್ಕೆ ನುಗ್ಗಿ, ಖರ್ಚಿನ ನೆಪ ಹೇಳಿ ನೋರಾಳನ್ನು ಉಳಿಸಿರುವ ಯಂತ್ರವನ್ನು ನಿಲ್ಲಿಸಲು ಆಜ್ಞೆ ಮಾಡುತ್ತಾನೆ. ಅಡ್ಡ ಬಂದ ವಿಜ್ಞಾನಿಯನ್ನು, ಅಂದರೆ ಮುಂದೆ ಫ್ರೀಜ್ ಆಗುವವನನ್ನು, ಒದ್ದು ರಾಸಾಯನಿಕಗಳ ಮೇಲೆ ಬೀಳಿಸುತ್ತಾನೆ. ಇದನ್ನು ನೋಡಿದ ಬ್ಯಾಟ್‌ಮ್ಯಾನ್ ದಿಗ್ಭ್ರಾಂತನಾಗುತ್ತಾನೆ, ಏಕೆಂದರೆ ತಾನು ಕಾಪಾಡಬೇಕಾದ ಮನುಷ್ಯನೇ ಅಪರಾಧಿ ಎಂಬುದು ಆಗ ಅವನಿಗೆ ತಿಳಿಯುತ್ತದೆ. ಅದೇ ಬಾಯ್ಲ್‌ಗೆ ಊರು ಮಾನವತಾವಾದಿ ಎಂದು ಸನ್ಮಾನ ಮಾಡುತ್ತಿರುತ್ತದೆ! ಕೊನೆಗೆ ಬ್ಯಾಟ್‌ಮ್ಯಾನ್ ಫ್ರೀಜ್‌ನನ್ನು ತಡೆಯುತ್ತಾನೆ ನಿಜ, ಆದರೆ ಟೇಪನ್ನು ಪತ್ರಕರ್ತೆಯ ಕೈಗೆ ಕೊಟ್ಟೇ ಹೋಗುತ್ತಾನೆ. ಸೇಡು ತಪ್ಪು, ಸಿಟ್ಟು ಮಾತ್ರ ನ್ಯಾಯವಾದದ್ದು ಎಂಬ ಇಕ್ಕಟ್ಟನ್ನು ಮಕ್ಕಳು ನೋಡುವ ಸರಣಿಯೊಂದು ಇಷ್ಟು ಗಂಭೀರವಾಗಿ ಕೈಗೆತ್ತಿಕೊಂಡಿತಲ್ಲ, ಆ ಬರವಣಿಗೆಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂದದ್ದು ನ್ಯಾಯವೇ.

2012ರ ಕಥೆಯಲ್ಲಿ ಬಾಯ್ಲ್ ಇಲ್ಲ, ಅನ್ಯಾಯವೂ ಇಲ್ಲ. ಸಿಟ್ಟಿನಲ್ಲಿ ಫ್ರೀಜ್ ತಾನೇ ಎಸೆದ ಕುರ್ಚಿಯಿಂದ ಅವಘಡ ಸಂಭವಿಸುತ್ತದೆ. ಅವನಿಗೆ ಭ್ರಮೆ ಎಂದು ಗೊತ್ತಾದ ಮೇಲೆ ಓದುಗನಾಗಿ ನಾನು ಯೋಚಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಬಾಯ್ಲ್ ಬಗ್ಗೆ ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೂ ಅವರು ಒಂದು ಮುಖ್ಯ ಸಂಗತಿಯನ್ನು ಕೈಬಿಟ್ಟಿದ್ದಾರೆ. 2012ರ ಕಥೆಯಲ್ಲಿ ವಿಕ್ಟರ್ ಫ್ರೈಸ್ (ಫ್ರೀಜ್‌ನ ನಿಜವಾದ ಹೆಸರು) ಕೆಲಸ ಮಾಡುವುದು ವೇಯ್ನ್ ಸಂಸ್ಥೆಯಲ್ಲಿ, ಅವನ ಯೋಜನೆಯನ್ನು ನಿಲ್ಲಿಸುವವನು ಸ್ವತಃ ಬ್ರೂಸ್ ವೇಯ್ನ್, ಅಂದರೆ ಮುಖವಾಡದ ಹಿಂದಿನ ಬ್ಯಾಟ್‌ಮ್ಯಾನ್. ಅಂದರೆ ಲೇಖಕರು ಬಾಯ್ಲ್‌ನ ಕುರ್ಚಿಯಲ್ಲಿ ಬ್ರೂಸ್‌ನನ್ನೇ ಕೂರಿಸಿದ್ದಾರೆ. ಇದು ಧೈರ್ಯದ ಯೋಚನೆ. ಜೊತೆಗೆ, ಒಬ್ಬ ಗಂಡಸು ತಾನು ಎಂದೂ ಮಾತನಾಡಿಸದ ಹೆಣ್ಣನ್ನು ತನ್ನವಳೆಂದು ನಂಬಿ ಕೂರುವುದರಲ್ಲಿ ಒಂದು ನಿಜವಾದ ಭಯವಿದೆ. ಜೇಸನ್ ಫೇಬಾಕ್ ಅವರ ಚಿತ್ರಗಳು ಆ ಭಯವನ್ನು ಚೆನ್ನಾಗಿ ಹಿಡಿದಿವೆ. 1992ರ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಾ ಹೋಗಿದ್ದರೆ ಫ್ರೀಜ್ ಪ್ರತಿ ಸಲವೂ ಅದೇ ಕಣ್ಣೀರು ಹಾಕುವ ಪಾತ್ರವಾಗಿ ಉಳಿಯುತ್ತಿದ್ದ.

ಮೊದಲ ಉತ್ತರ ಬರೆದವರು

ಆ ಸಂಗತಿಯನ್ನು ನೆನಪಿಸಿದ್ದಕ್ಕೆ ಧನ್ಯವಾದಗಳು, ಆದರೆ ನನ್ನ ತಕರಾರು ಅದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಬ್ರೂಸ್‌ನನ್ನು ಬಾಯ್ಲ್‌ನ ಜಾಗದಲ್ಲಿ ಕೂರಿಸಿದ ಮೇಲೆ, ಅವನು ನೋರಾಳ ಯೋಜನೆಯನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಕಥೆ ಅವನನ್ನು ಕಾಡಬೇಕಿತ್ತು. ಹಾಗೆ ಆಗುವುದಿಲ್ಲ. ಫ್ರೀಜ್‌ನ ಮನಸ್ಸು ಬಾಲ್ಯದಿಂದಲೇ ಕೆಟ್ಟಿತ್ತು ಎಂದು ತೋರಿಸಿ, ತಾಯಿ ಮಂಜುಗಡ್ಡೆ ಒಡೆದು ನೀರಿಗೆ ಬೀಳುವ ಪ್ರಸಂಗವನ್ನೂ ಸೇರಿಸಿ, ನಾಯಕನ ಮೇಲೆ ಯಾವ ಕಲೆಯೂ ಬೀಳದಂತೆ ಲೇಖಕರು ನೋಡಿಕೊಂಡಿದ್ದಾರೆ. ಟೆಲಿವಿಷನ್ ಕಂತಿನ ಬ್ಯಾಟ್‌ಮ್ಯಾನ್ ಗೆದ್ದೂ ತಲೆ ತಗ್ಗಿಸುತ್ತಾನೆ. ಇಲ್ಲಿ ಗೆದ್ದು ಮನೆಗೆ ಹೋಗುತ್ತಾನೆ.

ಮೂರನೆಯ ಉತ್ತರ

ನೀವಿಬ್ಬರೂ ಫ್ರೀಜ್ ಮತ್ತು ಬ್ರೂಸ್ ಬಗ್ಗೆ ಬರೆದಿದ್ದೀರಿ. ನೋರಾ ಬಗ್ಗೆ ಯಾರೂ ಬರೆಯಲಿಲ್ಲ. ಎರಡು ಕಥೆಗಳಲ್ಲೂ ಆಕೆ ಗಾಜಿನ ಹಿಂದೆ ಮಲಗಿದ್ದಾಳೆ. ಟಿವಿ ಕಂತಿನಲ್ಲಿ ಹೆಂಡತಿ, ಕಾಮಿಕ್ಸಿನಲ್ಲಿ ಅಪರಿಚಿತೆ ಎಂಬುದು ಗಂಡಸಿನ ಕಡೆಯಿಂದ ನೋಡಿದಾಗ ಕಾಣುವ ವ್ಯತ್ಯಾಸ. ಆಕೆಗೆ ಏನು ಬೇಕಿತ್ತು ಎಂದು ಎರಡೂ ಕೇಳುವುದಿಲ್ಲ. 2019ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ನಲ್ಲಿ ಪೀಟರ್ ಟೊಮಾಸಿ ಆಕೆಯನ್ನು ಎಬ್ಬಿಸಿದರು. ಎದ್ದವಳು ಗಂಡನ ಎದೆಗೊರಗಿ ಅಳುವುದನ್ನು ಬಿಟ್ಟು ತಾನೇ ಖಳಳಾಗುತ್ತಾಳೆ. ಕಥೆ ಕೊಂಚ ಅವಸರದಲ್ಲಿ ಮುಗಿಯುತ್ತದೆ ಎಂಬ ದೂರು ನನ್ನದೂ ಹೌದು, ಆದರೂ ನೋರಾ ಬಾಯಿ ತೆರೆದು ಮಾತನಾಡಿದ ಆ ಪುಟಗಳು ನನಗೆ 2012ರ ಇಡೀ ಸಂಚಿಕೆಗಿಂತ ಮುಖ್ಯ. ಅಲ್ಲಿ ಆಕೆ ಮತ್ತೆ ಹೆಂಡತಿಯೇ ಆಗಿದ್ದಾಳೆ ಎಂಬುದನ್ನೂ ಗಮನಿಸಿ. ಕಾಮಿಕ್ಸ್ ಕೊನೆಗೆ ಡಿನಿ ಅವರ ಕಥೆಗೇ ಮರಳಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. 2019ರ ಸಂಚಿಕೆಗಳನ್ನು ನಾನು ಓದಿರಲಿಲ್ಲ. ಡಿನಿ ಅವರೇ 1997ರಲ್ಲಿ ಫ್ರೀಜ್ ಕುರಿತು ಬರೆದ ಬಿಡಿ ಸಂಚಿಕೆಯನ್ನು ಮೊದಲು ಮುಗಿಸಿ, ಅನಂತರ ಅವುಗಳನ್ನು ಓದುತ್ತೇನೆ. ನೋರಾಳ ವಿಷಯಕ್ಕೆ ಪ್ರತ್ಯೇಕ ಚರ್ಚೆಯೇ ಬೇಕು, ಮೂರನೆಯವರು ಅದನ್ನು ಆರಂಭಿಸಿದರೆ ನಾನು ಖಂಡಿತ ಭಾಗವಹಿಸುತ್ತೇನೆ.