ಪ್ರಾಚೀನ ಯೋಧರ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವುದು: ಅನುಭವ ಇರುವವರು ತಿಳಿಸಿ

ಪ್ರಶ್ನೆ, ಮಂಡ್ಯದಿಂದ:

ನಾನು ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಅಲೆಕ್ಸಾಂಡರನಿಗೂ ಪೋರಸನಿಗೂ ನಡೆದ ಯುದ್ಧವನ್ನು ಮಕ್ಕಳಿಗೆ ಕಣ್ಣೆದುರು ಇಟ್ಟು ತೋರಿಸಬೇಕೆಂಬ ಆಸೆಯಿಂದ 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಯೋಧರ ಎರಡು ಪೆಟ್ಟಿಗೆಗಳನ್ನು ತರಿಸಿಕೊಂಡು, ಹನ್ನೆರಡು ಗೊಂಬೆಗಳಿಗೆ ಬಣ್ಣ ಹಚ್ಚಿದೆ. ಅವುಗಳ ಕಣ್ಣು ಮೂಗು ಬಣ್ಣದಡಿಯಲ್ಲಿ ಹೂತುಹೋಗಿವೆ. ಜುಲೈ ತಿಂಗಳಲ್ಲಿ ಮೇಲೆ ಸಿಂಪಡಿಸಿದ ವಾರ್ನಿಶ್ ಬೂದಿ ಮೆತ್ತಿದಂತೆ ಬೆಳ್ಳಗಾಗಿದೆ. ಪೋರಸನ ಸೈನಿಕರಿಗೆ ಯಾವ ಬಣ್ಣ ಸರಿ ಎಂಬುದಂತೂ ತಿಳಿಯಲೇ ಇಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಮೈಸೂರಿನ ಸರಸ್ವತೀಪುರಂನಿಂದ:

ಮೇಡಂ, ಹನ್ನೊಂದು ವರ್ಷಗಳಿಂದ ಈ ಹವ್ಯಾಸದಲ್ಲಿದ್ದೇನೆ. ಮುಖ ಹೂತುಹೋಗುವ ತೊಂದರೆಯಿಂದ ಹೊರಬರಲು ನನಗೆ ಎರಡು ವರ್ಷ ಹಿಡಿಯಿತು, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ. ಎಲ್ಲವೂ ಬಣ್ಣದ ಹದದಲ್ಲಿದೆ. ಬಾಟಲಿಯಿಂದ ನೇರವಾಗಿ ತೆಗೆದ ಅಕ್ರಿಲಿಕ್ ಬಣ್ಣ ಗಟ್ಟಿ ಮೊಸರಿನಂತಿರುತ್ತದೆ, ಗೊಂಬೆಗೆ ಬೇಕಾದದ್ದು ಹಾಲಿನ ಹದ. ಒಂದು ಹನಿ ಬಣ್ಣಕ್ಕೆ ಒಂದು ಹನಿ ನೀರು ಎಂದು ಆರಂಭಿಸಿ, ಕುಂಚವನ್ನು ಟಿಶ್ಯೂ ಕಾಗದಕ್ಕೆ ಒಮ್ಮೆ ತಾಗಿಸಿ, ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆ ಹರಿದು ಅಗಲವಾದರೆ ನೀರು ಹೆಚ್ಚಾಗಿದೆ, ಕೂದಲಿನ ಗೀರುಗಳು ಹಾಗೆಯೇ ನಿಂತರೆ ನೀರು ಸಾಲದು. ಸರಿಯಾದ ಹದದಲ್ಲಿ ಮೊದಲ ಪದರ ಅಡಿಯ ಬಣ್ಣವನ್ನು ಪೂರ್ತಿ ಮುಚ್ಚುವುದಿಲ್ಲ. ಅದನ್ನು ಕಂಡು ಗಾಬರಿಯಾಗಿ ಹಸಿ ಇರುವಾಗಲೇ ಮತ್ತೆ ತೀಡಿದರೆ ಹಚ್ಚಿದ್ದೂ ಕಿತ್ತು ಬರುತ್ತದೆ. ಚೆನ್ನಾಗಿ ಒಣಗಲು ಬಿಟ್ಟು ಎರಡನೆಯ ಪದರವನ್ನೂ, ಹಳದಿ, ಕೆಂಪು, ಬಿಳಿಯಂತಹ ಬಣ್ಣಗಳಾದರೆ ಮೂರನೆಯದನ್ನೂ ಹಚ್ಚಬೇಕು.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಟ್ಟೆಯ ಮೇಲಿನ ಬಣ್ಣ ಐದು ನಿಮಿಷದಲ್ಲಿ ಕೆನೆ ಕಟ್ಟುತ್ತದೆ. ಅದಕ್ಕೆ ನಾನು ಊಟದ ಡಬ್ಬಿಯೊಂದರ ತಳದಲ್ಲಿ ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ನೀರು ಕುಡಿಸಿ, ಮೇಲೆ ಕೇಕ್ ಬೇಯಿಸುವವರು ಬಳಸುವ ಬೇಕಿಂಗ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸುತ್ತೇನೆ. ಡಬ್ಬಿಯ ಮುಚ್ಚಳ ಹಾಕಿಟ್ಟರೆ ಮರುದಿನವೂ ಅದೇ ಬಣ್ಣ ಸಿಗುತ್ತದೆ.

ಬಣ್ಣಕ್ಕೆ ಮೊದಲಿನ ಕೆಲಸವನ್ನು ಬಿಡಬೇಡಿ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಟೂತ್ ಬ್ರಷ್ಷಿನಿಂದ ಗೊಂಬೆಗಳನ್ನು ತೊಳೆದು, ಅಚ್ಚಿನ ಎರಡು ಹೋಳು ಸೇರುವಲ್ಲಿ ಉಳಿಯುವ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ಪ್ರೈಮರ್ ಹಚ್ಚಿದ ಮೇಲೆಯೇ ಬಣ್ಣಕ್ಕೆ ಕೈ ಹಾಕಬೇಕು. ಅಡಿಯ ಪದರ ಎಷ್ಟು ಮುಖ್ಯ ಎಂಬುದಕ್ಕೆ ಚೀನಾದ ಷಿಯಾನ್ ಬಳಿ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನ್ಯವನ್ನು ನೆನೆಯುತ್ತೇನೆ. ಆ ಆಳೆತ್ತರದ ಯೋಧರೆಲ್ಲ ಮೊದಲು ಬಣ್ಣ ಹಚ್ಚಿಸಿಕೊಂಡವರೇ. ಬಣ್ಣದಡಿಯಲ್ಲಿದ್ದ, ಮರದ ರಸದಿಂದ ಮಾಡಿದ ಮೆರುಗಿನ ಪದರ ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದು, ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಒಣಗಿ ಸುರುಳಿ ಸುತ್ತಿಕೊಂಡು, ಮೇಲಿನ ಬಣ್ಣವನ್ನೂ ಕಿತ್ತುಕೊಂಡು ಬಿದ್ದುಹೋಯಿತು.

ಕುಂಚದ ವಿಷಯದಲ್ಲಿ ಒಂದೇ ಮಾತು: ತೀರಾ ಸಣ್ಣ ಕುಂಚವನ್ನು ಕೊಳ್ಳಬೇಡಿ. ಮೂರು ಸೊನ್ನೆಯ ಕುಂಚದಲ್ಲಿ ನಿಲ್ಲುವ ಬಣ್ಣ ಎಷ್ಟು ಕಡಿಮೆಯೆಂದರೆ ಅದು ಗೊಂಬೆಗೆ ತಲುಪುವ ಮೊದಲೇ ತುದಿಯಲ್ಲಿ ಒಣಗುತ್ತದೆ. ತುದಿ ಚೂಪಾಗಿ ಕೂಡುವ ಒಂದನೇ ನಂಬರಿನ ಕುಂಚ ಒಂದಿದ್ದರೆ ಕಣ್ಣಿನವರೆಗೂ ಸಾಕು.

ಇನ್ನು ಕಂಚು. ಗ್ರೀಕ್ ಹಾಪ್ಲೈಟ್, ಅಂದರೆ ಈಟಿ ಗುರಾಣಿ ಹಿಡಿದ ಕಾಲಾಳು ಯೋಧನ ಶಿರಸ್ತ್ರಾಣವೂ, ಸುಮಾರು 90 ಸೆಂ.ಮೀ. ಅಗಲದ ಗುರಾಣಿಯ ಮುಖವೂ ಕಂಚಿನವು. ಎಲ್ಲರೂ ಮೊದಲು ಮಾಡುವಂತೆ ನಾನೂ ಚಿನ್ನದ ಬಣ್ಣವನ್ನು ಪೂರ್ತಿ ಬಳಿದು ನೋಡಿದೆ, ಅದು ಆಟಿಕೆಯ ಹಾಗೆ ಕಂಡಿತು. ಒಂದು ದಿನ ಹುಣಸೆಹಣ್ಣು ಹಾಕಿ ಉಜ್ಜಿದ ದೇವರ ದೀಪವನ್ನು ಮೇಜಿನ ಮೇಲಿಟ್ಟುಕೊಂಡು ದಿಟ್ಟಿಸಿ ನೋಡಿದೆ. ಥಳಥಳಿಸುತ್ತಿದ್ದ ಆ ದೀಪದಲ್ಲಿ ಹೊಳಪು ಇದ್ದದ್ದು ಅಂಚಿನ ಒಂದು ಎಳೆಯಲ್ಲಿ, ಉಬ್ಬಿನ ಒಂದು ಚುಕ್ಕೆಯಲ್ಲಿ ಮಾತ್ರ. ಉಳಿದ ಭಾಗವೆಲ್ಲ ಕಂದು, ಕೆಳಗಿನ ತಗ್ಗುಗಳಲ್ಲಿ ಹೆಚ್ಚುಕಡಿಮೆ ಕಪ್ಪು. ಅಂದಿನಿಂದ ಮೊದಲು ಗಾಢ ಕಂದು, ಅದರ ಮೇಲೆ ಕಂಚಿನ ಬಣ್ಣ, ತಗ್ಗುಗಳಿಗೆ ನೀರಾಗಿ ಕದಡಿದ ಕಂದು, ಕೊನೆಗೆ ಅಂಚಿಗೆ ಮಾತ್ರ ಚಿನ್ನದ ಒಂದು ಎಳೆ, ಇದೇ ಕ್ರಮ ಇಟ್ಟುಕೊಂಡಿದ್ದೇನೆ. ಲೋಹದ ಬಣ್ಣ ಹಚ್ಚಿದ ಕುಂಚವನ್ನು ತೊಳೆಯಲು ಬೇರೆ ಲೋಟದ ನೀರು ಬಳಸಿ. ಇಲ್ಲದಿದ್ದರೆ ಅದರ ಮಿನುಗು ಚೂರುಗಳು ಮುಂದೆ ಹಚ್ಚುವ ಬಟ್ಟೆಗೂ ಮುಖಕ್ಕೂ ಅಂಟಿಕೊಳ್ಳುತ್ತವೆ.

ಉತ್ತರ, ಮಂಡ್ಯದಿಂದ:

ವಾರ್ನಿಶ್ ಬೆಳ್ಳಗಾದದ್ದಕ್ಕೆ ಕಾರಣ ಗಾಳಿಯ ತೇವಾಂಶ. ನನಗೂ ಒಂದು ಮಳೆಗಾಲದಲ್ಲಿ ಮೂವತ್ತು ಗೊಂಬೆಗಳು ಒಟ್ಟಿಗೇ ಹೀಗಾಗಿ, ಎರಡು ತಿಂಗಳು ಕುಂಚ ಮುಟ್ಟುವ ಮನಸ್ಸಾಗಲಿಲ್ಲ. ಮೋಡ ಕವಿದ ದಿನ ಸಿಂಪಡಿಸಲೇಬೇಡಿ, ಮಳೆಗಾಲದಲ್ಲಿ ವಾರ್ನಿಶನ್ನು ಕುಂಚದಿಂದಲೇ ಹಚ್ಚಿ. ನಮ್ಮೂರಿನ ಬೇಸಿಗೆಯ ನಡುಮಧ್ಯಾಹ್ನವೂ ಸಲ್ಲದು, ಏಕೆಂದರೆ ಆ ಬಿಸಿಗೆ ಹನಿಗಳು ಗೊಂಬೆಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ, ಮರಳು ಎರಚಿದಂತೆ ತರಿತರಿಯಾಗಿ ಕೂರುತ್ತವೆ. ಬಿಸಿಲಿರುವ ದಿನ ಬೆಳಗ್ಗೆ ಹತ್ತರ ಸುಮಾರಿಗೆ, ನೆರಳಿನಲ್ಲಿ, ಒಂದು ಗೇಣು ದೂರದಿಂದ ಸಿಂಪಡಿಸಿದರೆ ಸರಿಹೋಗುತ್ತದೆ. ಈಗಾಗಲೇ ಬೆಳ್ಳಗಾದವುಗಳ ಪೈಕಿ ಒಂದಕ್ಕೆ ಹೊಳಪಿನ ವಾರ್ನಿಶನ್ನು ಕುಂಚದಿಂದ ಹಚ್ಚಿ ನೋಡಿ, ಅನೇಕ ಸಲ ಬೂದಿ ಮಾಯವಾಗಿ ಅಡಿಯ ಬಣ್ಣ ಮರಳಿ ಕಾಣುತ್ತದೆ.

ಮುಖ ಹೂತುಹೋದವುಗಳ ಬಣ್ಣವನ್ನು ಪೂರ್ತಿ ಕಿತ್ತು ಬೋಳು ಮಾಡಲು ಔಷಧಿ ಅಂಗಡಿಯ ಕಂದು ಡೆಟಾಲ್ ಸಾಕು. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ನೀರು ಬೆರೆಸದ ಡೆಟಾಲಿನಲ್ಲಿ ಒಂದು ದಿನ ನೆನೆಹಾಕಿ, ಕೈಗವಸು ತೊಟ್ಟು, ಕಿಟಕಿ ತೆರೆದು, ಟೂತ್ ಬ್ರಷ್ಷಿನಿಂದ ಉಜ್ಜಿ. ಉಜ್ಜುವಾಗ ಬ್ರಷ್ಷನ್ನು ಡೆಟಾಲಿನಲ್ಲಿಯೇ ಅದ್ದಬೇಕು. ಬಣ್ಣ ಪೂರ್ತಿ ಬಿಡುವ ಮೊದಲು ನೀರು ತಾಗಿಸಿದರೆ ಅದು ಅಂಟಂಟಾದ ಕೆಸರಾಗಿ ಗೊಂಬೆಗೆ ಮತ್ತೆ ಹತ್ತಿಕೊಳ್ಳುತ್ತದೆ.

ಉತ್ತರ, ಮೈಸೂರಿನ ಕುವೆಂಪುನಗರದಿಂದ:

ಪೋರಸನ ಸೈನಿಕರ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನನ್ನ ಕಪಾಟಿನಲ್ಲಿ ಇರುವವರಲ್ಲಿ ಹೆಚ್ಚಿನವರು ಅವರೇ. ಒಂದು ಮಾತನ್ನು ಮೊದಲೇ ಹೇಳಬೇಕು. ನಮ್ಮ ಹತ್ತಿರದ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ, ಸೋಮನಾಥಪುರದ ದೇವಾಲಯದ ಪಟ್ಟಿಕೆಗಳಲ್ಲಿ ಕುದುರೆ ಸವಾರರ ಸಾಲಿದೆ. ಕೈಗೆಟುಕುವಷ್ಟು ಹತ್ತಿರ ಇರುವ ಅವನ್ನು ನೋಡಿಕೊಂಡು ಬಣ್ಣ ಹಚ್ಚುವ ಆಸೆ ಸಹಜ. ಆದರೆ ಮೊದಲನೆಯದು ಪೋರಸನಿಗಿಂತ ಎರಡು ಸಾವಿರ ವರ್ಷ ಈಚಿನದು, 1258ರ ಸೋಮನಾಥಪುರ ಒಂದೂವರೆ ಸಾವಿರ ವರ್ಷ ಈಚಿನದು. ಪೋರಸನ ಕಾಲಕ್ಕೆ ಹತ್ತಿರ ಬರುವುದು ಸಾಂಚಿಯ ದಕ್ಷಿಣ ತೋರಣ. ಅದರ ಮೇಲೆ ಬುದ್ಧನ ಅವಶೇಷಗಳಿಗಾಗಿ ಕುಶಿನಗರಕ್ಕೆ ಮುತ್ತಿಗೆ ಹಾಕಿದ ದೃಶ್ಯದಲ್ಲಿ ಆನೆ, ರಥ, ಬಿಲ್ಲುಗಾರರು ಇದ್ದಾರೆ. ನಮ್ಮ ರಾಜ್ಯದಲ್ಲಿಯೇ ಎಂದರೆ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದ ಕೆತ್ತನೆಗಳಿವೆ. ಅಶೋಕನ ಹೆಸರು ಕೊರೆದಿರುವ ಫಲಕ ಅಲ್ಲಿಯದೇ, ಉಡುಪು ಸುತ್ತುವ ರೀತಿಯನ್ನೂ ಕೊಡೆ ಹಿಡಿಯುವ ರೀತಿಯನ್ನೂ ಅದರಿಂದ ಕಲಿಯಬಹುದು.

ಕಲ್ಲಿನಲ್ಲಿ ಬಣ್ಣ ಉಳಿದಿಲ್ಲ. ಬಣ್ಣಕ್ಕೆ ನಾನು ನಂಬುವುದು ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಕಣ್ಣಾರೆ ಕಂಡು ಬರೆದದ್ದನ್ನು. ಅವನ ಬರಹ ಕಳೆದುಹೋಗಿದ್ದರೂ ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಏರಿಯನ್ ಅದರ ಸಾರವನ್ನು ತನ್ನ ‘ಇಂಡಿಕಾ’ದಲ್ಲಿ ಕೊಟ್ಟಿದ್ದಾನೆ. ಭಾರತದ ಪದಾತಿಯ ಬಿಲ್ಲು ಅವನಷ್ಟೇ ಎತ್ತರ. ಅದರ ಒಂದು ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹಿಡಿದು ಬಾಣ ಬಿಡುತ್ತಿದ್ದ. ಗುರಾಣಿ ಹದ ಮಾಡದ ತೊಗಲಿನದು, ಹೆಚ್ಚುಕಡಿಮೆ ಆಳುದ್ದ. ಮೊಣಕಾಲಿನಿಂದ ಕೆಳಗೆ ಬರುವ ಹತ್ತಿಯ ಉಡುಪು, ಹೆಗಲಿಗೊಂದು ವಸ್ತ್ರ, ತಲೆಗೊಂದು ಸುತ್ತು. ಗುರಾಣಿ ಹಸಿ ತೊಗಲು ಎಂದ ಮೇಲೆ ಅದಕ್ಕೆ ಮಾಸಲು ಹಳದಿಯೋ ಕಂದೋ ಹಚ್ಚಿ, ಅಲ್ಲಲ್ಲಿ ದನದ ಮೈಯ ಮಚ್ಚೆಗಳನ್ನು ಬಿಡಿಸಿದರೆ ಸಾಕು, ಲೋಹದ ಹೊಳಪು ಬೇಡ.

ಅದೇ ಬರಹದಲ್ಲಿ ಬಣ್ಣ ಹಚ್ಚುವವರು ಮರೆಯಬಾರದ ಒಂದು ಮಾತಿದೆ. ಭಾರತೀಯರ ಹತ್ತಿಬಟ್ಟೆ ಬೇರೆಲ್ಲ ಬಟ್ಟೆಗಿಂತ ಬೆಳ್ಳಗಿದೆ, ಅಥವಾ ಅವರ ಮೈ ಕಪ್ಪಾಗಿರುವುದರಿಂದ ಹಾಗೆ ಕಾಣುತ್ತದೆ ಎನ್ನುತ್ತದೆ ಅದು. ಇದು ಚಿತ್ರಗಾರನ ಕಣ್ಣು. ಗ್ರೀಕರ ಪೆಟ್ಟಿಗೆಯ ಜೊತೆ ಬರುವ ನಸುಗೆಂಪು ಚರ್ಮದ ಬಣ್ಣವನ್ನೇ ಪೋರಸನವರಿಗೂ ಹಚ್ಚಿದರೆ, ಅವರ ಬಿಳಿ ಕಚ್ಚೆ ಕಳೆಗುಂದುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಸೇರಿಸಿ ಮೈಗೆ ಹಚ್ಚಿ, ಒಣಗಿದ ಮೇಲೆ ಕೆನ್ನೆಯ ಎಲುಬು, ಮೂಗಿನ ದಂಡೆ, ಹೆಗಲು, ಬೆರಳ ಗೆಣ್ಣುಗಳಿಗೆ ಅದೇ ಬಣ್ಣಕ್ಕೆ ಹಳದಿ ಓಕರ್ ಬೆರೆಸಿ ಏರಿಸಿ. ಇಲ್ಲಿ ಬಿಳಿ ಬೆರೆಸಬೇಡಿ, ಸುಣ್ಣ ಬಳಿದಂತೆ ಕಾಣುತ್ತದೆ. ಆಮೇಲೆ ಬಟ್ಟೆಗೆ ನಸುಬೂದು, ಮಡಿಕೆಗಳ ಮೇಲ್ಭಾಗಕ್ಕೆ ಅಚ್ಚ ಬಿಳಿ ಹಚ್ಚಿದರೆ, ಅವನು ಹೇಳಿದ ಬೆಳ್ಳನೆಯ ಬಟ್ಟೆ ನಿಮ್ಮ ಕೈಯಲ್ಲಿ ಮೂಡುತ್ತದೆ. ಭಾರತೀಯರು ಗಡ್ಡಕ್ಕೆ ಬಿಳಿ, ಕಡುನೀಲಿ, ಕೆಂಪು, ನೇರಳೆ, ಹಸಿರು ಬಣ್ಣ ಹಾಕುತ್ತಿದ್ದರೆಂದೂ ನಿಯಾರ್ಕಸ್ ಬರೆದಿದ್ದಾನೆ. ಸಾಲಿನಲ್ಲಿ ಒಬ್ಬಿಬ್ಬರು ಹಿರಿಯರಿಗೆ ಅದನ್ನು ಮಾಡಿ, ನಿಮ್ಮ ಮಕ್ಕಳು ಖಂಡಿತ ಕೇಳುತ್ತಾರೆ.

ಬಣ್ಣದ ಬಟ್ಟೆ ಬೇಕೆನಿಸಿದಾಗ, ಆ ಬಣ್ಣ ಯಾವ ಬೇರಿನಿಂದ, ಯಾವ ಎಲೆಯಿಂದ ಬಂದಿರಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ಕೆಂಪಿಗೆ ಮಂಜಿಷ್ಠ, ನೀಲಿಗೆ ನೀಲಿಗಿಡ, ಹಳದಿಗೆ ಅರಿಶಿನ. ಮೊಹೆಂಜೊದಾರೊದಲ್ಲಿ ಸಿಕ್ಕ ಹತ್ತಿಬಟ್ಟೆಯ ತುಣುಕೂ ಮಂಜಿಷ್ಠದ ಜಾತಿಯ ಬೇರಿನಿಂದ ಕೆಂಪಾದದ್ದೇ. ಬೇರಿನ ಕೆಂಪು ಒಗೆದಂತೆಲ್ಲ ಇಟ್ಟಿಗೆಯ ಕಡೆಗೆ ವಾಲುತ್ತದೆ, ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ಹಾಗಾಗಿ ಬಾಟಲಿಯ ಕಡುಗೆಂಪಿಗೆ ಚೂರು ಕಂದು ಬೆರೆಸದೆ ನಾನು ಎಂದೂ ಹಚ್ಚುವುದಿಲ್ಲ, ಒಂದೇ ಸಾಲಿನ ಹತ್ತು ಜನರಿಗೆ ಒಂದೇ ಕೆಂಪನ್ನೂ ಹಚ್ಚುವುದಿಲ್ಲ.

ಉತ್ತರ, ಶ್ರೀರಂಗಪಟ್ಟಣದಿಂದ:

ಮೇಲಿನವರು ಒಂದನೇ ನಂಬರಿನ ಕುಂಚ ಕಣ್ಣಿನವರೆಗೂ ಸಾಕು ಎಂದಿದ್ದಾರೆ. ಅವರ ಬಗ್ಗೆ ಗೌರವವಿದ್ದೂ, ಹೊಸಬರು ಈ ಅಳತೆಯಲ್ಲಿ ಕಣ್ಣು ಬರೆಯುವುದೇ ಬೇಡ ಎಂದು ನಾನು ಹೇಳುತ್ತೇನೆ. ಬಿಳಿ ಹಚ್ಚಿ ನಡುವೆ ಕಪ್ಪು ಚುಕ್ಕೆ ಇಟ್ಟರೆ ಯೋಧ ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ಬಹಳ ದೂರದಲ್ಲಿ ನಿಂತ ಮನುಷ್ಯನ ಕಣ್ಣಿನ ಬಿಳುಪೇ ನಮಗೆ ಸರಿಯಾಗಿ ಕಾಣದಿರುವಾಗ, ಹುಬ್ಬಿನಡಿಯ ತಗ್ಗಿಗೆ ಗಾಢ ಕಂದು ಒಂದು ಗೆರೆ ಎಳೆದರೆ ಕಣ್ಣು ತಾನಾಗಿ ಮೂಡುತ್ತದೆ. ಬರೆಯಲೇಬೇಕೆಂದಿದ್ದರೆ ಮೈಬಣ್ಣಕ್ಕೆ ಮೊದಲೇ ಕಣ್ಣು ಬರೆದು, ತಪ್ಪಿದ್ದನ್ನು ಆಮೇಲೆ ಮೈಬಣ್ಣದಿಂದ ಸುತ್ತಲೂ ಒತ್ತರಿಸಿಕೊಂಡು ಬನ್ನಿ.

ಗೊಂಬೆಯ ಪಾದದಡಿಯ ನೆಲಕ್ಕೆ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಮರಳು ಉದುರಿಸಿ, ಅದಕ್ಕೆ ಕಂದು ಬಳಿಯಿರಿ. ಒಣಹುಲ್ಲಿಗೆ ತೆಂಗಿನ ನಾರನ್ನು ಅರ್ಧ ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕುಚ್ಚು ಮಾಡಿ ನಿಲ್ಲಿಸಿ. ಗೊಂಬೆಗಳು ಮಕ್ಕಳ ಕೈಗೆ ಹೋಗುವುದಾದ್ದರಿಂದ ಮೊದಲು ಎರಡು ಪದರ ಹೊಳಪಿನ ವಾರ್ನಿಶ್, ಅದರ ಮೇಲೆ ಹೊಳಪಿಲ್ಲದ್ದನ್ನು ಒಂದು ಪದರ ಹಚ್ಚಿ. ಮುಂದೆ ಲೋಹದ ಗೊಂಬೆ ಕೊಳ್ಳುವುದಾದರೆ ಹಳೆಯ ಸೀಸದವನ್ನು ತರಗತಿಗೆ ಒಯ್ಯಬೇಡಿ. ಆ ಆಳುದ್ದದ ಬಿಲ್ಲುಗಳು ಬುಡದಲ್ಲಿಯೇ ಮುರಿಯುವುದು ಹೆಚ್ಚು, ಅದಕ್ಕೆ ಬಿಲ್ಲಿನ ತುದಿಯನ್ನು ನೆಲದ ಮರಳಿನೊಳಕ್ಕೆ ಫೆವಿಕ್ವಿಕ್ ಹಾಕಿ ಕೂರಿಸಿಬಿಡಿ. ಹೇಗೂ ಅವರು ಅದನ್ನು ನೆಲಕ್ಕೂರಿಯೇ ಹಿಡಿಯುತ್ತಿದ್ದರಲ್ಲ.