ಬ್ರಾಕೆಟ್‌ನಲ್ಲಿರುವ 75ಕ್ಕೆ ಟಾಲರೆನ್ಸ್ ಎಷ್ಟು?

ಹೊಸ_ಫಿಟ್ಟರ್:
ನಮಸ್ಕಾರ. ಗೈಡ್ ರೋಲರ್‌ನ ಆಕ್ಸಲ್ ಡ್ರಾಯಿಂಗ್ ಒಂದು ಬಂದಿದೆ. ಆಕ್ಸಲ್ ತಿರುಗುವುದಿಲ್ಲ. ಅದನ್ನು ಎರಡು ಪ್ಲೇಟ್‌ಗಳ ನಡುವೆ ಬೋಲ್ಟ್ ಹಾಕಿ ಕೂರಿಸುತ್ತಾರೆ, ಮೇಲೆ ರೋಲರ್ ತಿರುಗುತ್ತದೆ. ಎರಡೂ ತುದಿಗೆ 25 ಎಂಎಂ ವ್ಯಾಸದ ಸ್ಟೆಪ್, ಉದ್ದ 20. ನಡುವೆ 32 ವ್ಯಾಸ, ಉದ್ದ 35. ಒಟ್ಟು ಉದ್ದವನ್ನು (75) ಅಂತ ಬ್ರಾಕೆಟ್ ಒಳಗೆ ಬರೆದಿದ್ದಾರೆ. ಟೈಟಲ್ ಬ್ಲಾಕ್‌ನಲ್ಲಿ ಐಎಸ್‌ಒ 2768-ಎಂ (ಬೇರೆ ಟಾಲರೆನ್ಸ್ ಬರೆಯದ ಅಳತೆಗಳಿಗೆ ಸಾಮಾನ್ಯ ಟಾಲರೆನ್ಸ್, ಮಧ್ಯಮ ದರ್ಜೆ) ಇದೆ. ಫ್ರೇಮ್ ಆಗಲೇ ವೆಲ್ಡ್ ಆಗಿದೆ, ಪ್ಲೇಟ್‌ಗಳ ನಡುವೆ 75.5 ಸಿಗುತ್ತಿದೆ. ಈ 75ಕ್ಕೆ ಯಾವ ಟಾಲರೆನ್ಸ್, ಅಂದರೆ ಎಷ್ಟು ಹೆಚ್ಚು ಕಡಿಮೆ, ಹಿಡಿಯಬೇಕು? ಹಾಗೇ, 6205 ಬೇರಿಂಗ್ ಕೂರುವ 25ರ ಸ್ಟೆಪ್‌ಗೆ ಕೆ6 (ಫಿಟ್ ಎಷ್ಟು ಬಿಗಿ ಅಂತ ಹೇಳುವ ಟಾಲರೆನ್ಸ್ ಕೋಡ್) ಕೊಟ್ಟಿದ್ದಾರೆ. ಅದು ಸರಿನಾ?

ವರ್ನಿಯರ್:
ಬ್ರಾಕೆಟ್ ಅಂದ್ರೆ ರೆಫರೆನ್ಸ್ ಅಳತೆ. ಅದಕ್ಕೆ ಟಾಲರೆನ್ಸ್ ಇಲ್ಲ, ಅದನ್ನು ನೋಡಿ ಪೀಸ್ ರಿಜೆಕ್ಟ್ ಮಾಡೋ ಹಾಗಿಲ್ಲ. 20, 35, 20 ಸರಿ ಬಂದರೆ ಮುಗೀತು.

ಲೇತ್_ಪಕ್ಕದವನು:
ಬ್ರಾಕೆಟ್ ಬಗ್ಗೆ ಹೇಳಿದ್ದು ಸರಿ. ಆದರೆ ಮುಗಿಯಲಿಲ್ಲ, ತೊಂದರೆ ಇರೋದೇ ಅಲ್ಲಿ. ಎಂ ದರ್ಜೆಯಲ್ಲಿ 20ಕ್ಕೆ ±0.2, 35ಕ್ಕೆ ±0.3. ಮೂರನ್ನೂ ಕೂಡಿಸಿ ನೋಡಿ, ಒಟ್ಟು ±0.7. ಅಂದರೆ ಪ್ರತಿ ಅಳತೆಯೂ ಪಾಸ್ ಆಗಿ, ಆಕ್ಸಲ್ ಮಾತ್ರ 75.7 ಆಗಬಹುದು. 75.5ರ ಜಾಗಕ್ಕೆ ಅದು ಇಳಿಯಲ್ಲ. ಇನ್‌ಸ್ಪೆಕ್ಷನ್‌ನವರನ್ನೂ ದೂರುವ ಹಾಗಿಲ್ಲ, ಡ್ರಾಯಿಂಗ್ ಕೇಳಿದ್ದೇ ಅಷ್ಟು.

ಇಲ್ಲಿ ಮುಖ್ಯವಾದ ಅಳತೆಯೇ 75. ಅದನ್ನು ಬ್ರಾಕೆಟ್‌ನಿಂದ ಹೊರಗೆ ತಂದರೆ ±0.3 ಸಿಗುತ್ತದೆ, ಜಾಸ್ತಿ ಅಂದರೆ 75.3. ಸಲೀಸಾಗಿ ಕೂರುತ್ತದೆ. ಅದರ ಬದಲು ಒಂದು ಕಡೆಯ 20 ಬ್ರಾಕೆಟ್ ಒಳಗೆ ಹೋಗಲಿ.

ಇನ್ನು ಕೆ6. ನನಗೆ ಇದೇ ಜಾಸ್ತಿ ಚಿಂತೆ. ಕೆ6ನಲ್ಲಿ ಶಾಫ್ಟ್ 25.002ರಿಂದ 25.015. ಬೇರಿಂಗ್ ಬೋರ್ ದೊಡ್ಡದು ಅಂದರೂ 25.000. ಯಾವಾಗಲೂ ಬಿಗಿಯೇ. ಶಾಫ್ಟ್ ತಿರುಗುವ ಕಡೆ ಅದು ಬೇಕು. ನಿಮ್ಮ ಆಕ್ಸಲ್ ನಿಂತೇ ಇರುತ್ತದೆ, ಇನ್ನರ್ ರೇಸ್‌ನ (ಬೇರಿಂಗ್‌ನ ಒಳ ಬಳೆಯ) ಒಂದೇ ಜಾಗಕ್ಕೆ ಲೋಡ್ ಬೀಳುತ್ತದೆ. ಅಲ್ಲಿ ಅದಕ್ಕಿಂತ ಸಡಿಲವಾದ ಜಿ6 ಸಾಕು, 24.980ರಿಂದ 24.993. ಬಿಗಿ ಬೇಕಾಗಿರೋದು ರೋಲರ್ ಕಡೆ. ಔಟರ್ ರೇಸ್ (ಹೊರ ಬಳೆ) ರೋಲರ್ ಜೊತೆ ತಿರುಗುತ್ತಾ ಸುತ್ತಲೂ ಲೋಡ್ ತಗೊಳ್ಳುತ್ತದೆ. ಅದು ಸಡಿಲವಾದರೆ ಬೋರ್ ಒಳಗೇ ಜಾರುತ್ತಾ ಸವೆಯುತ್ತದೆ. ಅದು ಕೂರುವ ರೋಲರ್‌ನ 52ರ ಬೋರ್‌ಗೆ ಏನು ಕೊಟ್ಟಿದ್ದಾರೆ ನೋಡಿ. ಸಡಿಲವಾದ ಎಚ್7 ಇದ್ದರೆ ಅದನ್ನೂ ಕೇಳಿ, ನಾನಾದರೆ ಬಿಗಿಯಾದ ಎನ್7 ಕೊಡುತ್ತಿದ್ದೆ.

ಹೊಸ_ಫಿಟ್ಟರ್:
ರೋಲರ್ ಡ್ರಾಯಿಂಗ್ ತೆಗೆದು ನೋಡಿದೆ ಸರ್, ಎಚ್7 ಅಂತಲೇ ಇದೆ! ಒಂದು ಅನುಮಾನ. ಒಂದು ಅಳತೆಯನ್ನು ಬ್ರಾಕೆಟ್‌ಗೆ ಬಿಡೋದಾದರೆ ನಡುವಿನ 35 ಬಿಡಬಹುದಲ್ವಾ? ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಗ್ರೂವ್‌ನಲ್ಲಿ ಕೂರುವ ಉಂಗುರ) ಎಡಗಡೆ ಮಾತ್ರ ಇದೆ. ಅದರ ಗ್ರೂವ್‌ನ ಹೊರಗಿನ ಅಂಚಿಗೆ ಆಕ್ಸಲ್ ತುದಿಯಿಂದ 3.7 ಕೊಟ್ಟಿದ್ದಾರೆ.

ಲೇತ್_ಪಕ್ಕದವನು:
35 ಬಿಡಬೇಡಿ. ಅದು ಉದ್ದವಾದರೆ ಎರಡೂ ಬೇರಿಂಗ್‌ಗಳನ್ನು ಹೊರಕ್ಕೆ ತಳ್ಳುತ್ತದೆ, ರೋಲರ್ ಬಿಗಿ ಹಿಡಿಯುತ್ತದೆ. ಸರ್ಕ್ಲಿಪ್ ಇಲ್ಲದ ಬಲಗಡೆಯ 20 ಬಿಡಿ. ಅದು 19.2ಕ್ಕೆ ಇಳಿದರೂ ಬೇರಿಂಗ್ ಅಗಲ 15 ತಾನೆ, ಜಾಗ ಉಳಿಯುತ್ತದೆ.

ಗ್ರೂವ್ ಅಳತೆ ತುದಿಯಿಂದ ಬೇಡ. 20ಕ್ಕೆ ±0.2, 3.7ಕ್ಕೆ ±0.1 ಸೇರಿದರೆ, ಶೋಲ್ಡರ್‌ನಿಂದ (25 ಮುಗಿದು 32 ಶುರುವಾಗುವ ಮೆಟ್ಟಿಲಿನಿಂದ) ಗ್ರೂವ್‌ನ ಹೊರ ಅಂಚಿಗೆ 16.0 ಬರುವ ಸಾಧ್ಯತೆ ಇದೆ. ಬೇರಿಂಗ್ 15, ಸರ್ಕ್ಲಿಪ್ 1.2, ಎರಡೂ ಸೇರಿ 16.2. ಸರ್ಕ್ಲಿಪ್ ಗ್ರೂವ್‌ಗೆ ಇಳಿಯಲ್ಲ. ಬೇರಿಂಗ್ ಒರಗುವ ಶೋಲ್ಡರ್‌ನಿಂದಲೇ 16.3, ಪ್ಲಸ್ 0.1, ಮೈನಸ್ ಸೊನ್ನೆ ಅಂತ ಕೇಳಿ.

ಡ್ರಾಯಿಂಗ್ ಮಾತ್ರ ನೀವೇ ತಿದ್ದಬೇಡಿ. ಪ್ರಿಂಟ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ, ಫ್ರೇಮ್‌ನ 75.5 ಪಕ್ಕದಲ್ಲೇ ಬರೆದು ಡಿಸೈನರ್‌ಗೆ ಕಳಿಸಿ. ಹೊಸ ರಿವಿಷನ್ ಬಂದ ಮೇಲೆ ಮೆಟೀರಿಯಲ್ ಕಟ್ ಮಾಡಿ.